ಹಲ್ಕ್ 180, 181, 182, ಜೈಂಟ್ ಸೈಜ್ ಎಕ್ಸ್-ಮೆನ್ 1: ವುಲ್ವರಿನ್ ಮೊದಲ ಸಂಚಿಕೆಗಳಲ್ಲಿ ಯಾವುದಕ್ಕೆ ದುಡ್ಡು ಹಾಕೋದು?

ಮೂರುಗುರು

ಎಲ್ಲರಿಗೂ ನಮಸ್ಕಾರ. ಮಾರ್ವೆಲ್ ಕಾಮಿಕ್ಸ್‌ನ ಹೀರೋ ವುಲ್ವರಿನ್‌ನ ಶುರುವಿನ ಸಂಚಿಕೆಗಳನ್ನು ಕೂಡಿಸಲು ಹೊರಟಿದ್ದೇನೆ. ಕೈಯಲ್ಲಿರುವ ದುಡ್ಡಿಗೆ ಎರಡು ದಾರಿ ಕಾಣುತ್ತಿದೆ.

ಒಂದು, ದಿ ಇನ್‌ಕ್ರೆಡಿಬಲ್ ಹಲ್ಕ್ 181, ನವೆಂಬರ್ 1974ರದ್ದು. ಸ್ಲ್ಯಾಬ್ ಆಗಿಲ್ಲ, ಅಂದರೆ ಗ್ರೇಡ್ ಹಾಕಿಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಸಿಲ್ಲ, ರಾ ಪ್ರತಿ. ಮಾರುವವರು ಹತ್ತಕ್ಕೆ 3.5 ಗ್ರೇಡ್ ಬರಬಹುದು ಅಂತಾರೆ. ರಕ್ಷಾಪುಟದಲ್ಲಿ ಮಡಿಕೆ ಇದೆ, ಮೂಲೆಗಳು ದುಂಡಗಾಗಿವೆ.

ಎರಡು, ಅದನ್ನು ಬಿಟ್ಟು 180 ಮತ್ತು 182ರ ಒಳ್ಳೆಯ ಪ್ರತಿಗಳು, ಜೊತೆಗೆ ಅವನು ಎಕ್ಸ್-ಮೆನ್ ಗುಂಪಿಗೆ ಸೇರುವ ಜೈಂಟ್ ಸೈಜ್ ಎಕ್ಸ್-ಮೆನ್ 1ರ ಒಂದು ಸುಮಾರಾದ ಪ್ರತಿ. ಮೂರೂ ಸೇರಿ ಹೆಚ್ಚುಕಡಿಮೆ ಅಷ್ಟೇ ದುಡ್ಡು.

ತಕ್ಷಣ ಮಾರುವ ಯೋಚನೆ ಇಲ್ಲ. ಹಾಗಂತ ದುಡ್ಡು ಮುಳುಗಿದರೂ ಪರವಾಗಿಲ್ಲ ಅನ್ನೋ ಶ್ರೀಮಂತನೂ ಅಲ್ಲ. ಏನಂತೀರಿ?

ಸ್ಟೇಪಲ್‌ಪಿನ್

181. ಇದರಲ್ಲಿ ಯೋಚನೆ ಮಾಡೋಕೆ ಏನಿದೆ ಗುರು?

ಮೊದಲ ಪೂರ್ತಿ ಕಥೆ ಅದೇ. ಹಲ್ಕ್‌ನ ಮೂರು ಸಂಚಿಕೆಗಳಲ್ಲಿ ವುಲ್ವರಿನ್ ರಕ್ಷಾಪುಟದ ಮೇಲೆ ಬಂದಿರೋದೂ ಅದೊಂದರಲ್ಲೇ. 180ರ ರಕ್ಷಾಪುಟದಲ್ಲಿ ಹಲ್ಕ್ ಮತ್ತು ವೆಂಡಿಗೋ ಅನ್ನೋ ರಾಕ್ಷಸ, 182ರಲ್ಲಿ ಹ್ಯಾಮರ್ ಮತ್ತು ಆ್ಯನ್ವಿಲ್ ಅನ್ನೋ ಖಳರು. ಪಕ್ಕದಲ್ಲಿಟ್ಟರೆ ಇವೆರಡು ವುಲ್ವರಿನ್ ಪುಸ್ತಕಗಳು ಅಂತ ಯಾರಿಗೂ ಗೊತ್ತಾಗಲ್ಲ. ನಾಳೆ ಕಷ್ಟ ಬಂದು ಮಾರಬೇಕಾದರೆ, ಹರಿದ 181ಕ್ಕೂ ಗಿರಾಕಿ ಇರುತ್ತಾನೆ. ಒಳ್ಳೆಯ 182 ಹಿಡಿದುಕೊಂಡು ಕಾಯುತ್ತಾ ಕೂರಬೇಕಾಗುತ್ತೆ.

ಹಳೇಪುಟ

ಸ್ಟೇಪಲ್‌ಪಿನ್ ಮಾರುಕಟ್ಟೆ ಲೆಕ್ಕ ಹೇಳಿದರು, ಆ ಲೆಕ್ಕ ಸರಿಯಾಗೇ ಇದೆ. ಆದರೆ ಯಾವ ಪುಸ್ತಕದ ಒಳಗೆ ಏನಿದೆ ಅಂತ ಯಾರೂ ಹೇಳಲಿಲ್ಲ. ಅಲ್ಲಿಂದ ಶುರು ಮಾಡೋಣ.

180, ಅಕ್ಟೋಬರ್ 1974. ಕೆನಡಾದ ಕಾಡು. ಹಲ್ಕ್ ಮತ್ತು ವೆಂಡಿಗೋ ಪುಟಗಟ್ಟಲೆ ಬಡಿದಾಡುತ್ತಾರೆ. ಕೊನೆಯ ಪುಟದ ಕೊನೆಯ ಚಿತ್ರಕ್ಕೆ ಬಂದಾಗ ಹಳದಿ ನೀಲಿ ಬಟ್ಟೆಯ ಕುಳ್ಳನೊಬ್ಬ ಉಗುರು ಚಾಚಿಕೊಂಡು ಎದುರು ನಿಂತಿರುತ್ತಾನೆ. ತನ್ನ ಹೆಸರು ತಾನೇ ಹೇಳಿಕೊಳ್ಳುತ್ತಾನೆ. ಮುಂದಿನ ತಿಂಗಳಿಗೆ ಕಾಯಿರಿ. ಅಷ್ಟೇ.

181 ಪೂರ್ತಿ ಅವನದ್ದೇ. ಕೆನಡಾ ಸರ್ಕಾರ ಕಳಿಸಿದ ಏಜೆಂಟ್, ಒಂದು ಕಡೆ ಹಲ್ಕ್, ಇನ್ನೊಂದು ಕಡೆ ವೆಂಡಿಗೋ, ಇಬ್ಬರ ಜೊತೆಗೂ ಹೊಡೆದಾಟ. 182ರಲ್ಲಿ ಶುರುವಿನ ಕೆಲವು ಪುಟಗಳಲ್ಲಿ ಇದ್ದು, ಅವನನ್ನು ವಾಪಸ್ ಕರೆಸಿಕೊಳ್ಳುತ್ತಾರೆ. ಆಮೇಲೆ ಕಥೆ ಬೇರೆ ದಾರಿ ಹಿಡಿಯುತ್ತೆ.

ಮೂರನ್ನೂ ಬರೆದವರು ಲೆನ್ ವೀನ್, ಚಿತ್ರ ಹರ್ಬ್ ಟ್ರಿಂಪೆ. ಆದರೆ ವೇಷ ರೂಪಿಸಿದ್ದು ಜಾನ್ ರೊಮಿಟಾ ಸೀನಿಯರ್. ಕೆನಡಾದ ಪಾತ್ರವೊಂದು ಬೇಕು, ವುಲ್ವರಿನ್ ಅನ್ನೋ ಹೆಸರಿರಲಿ ಅಂತ ಮೊದಲು ಹೇಳಿದ್ದು ಆಗಿನ ಸಂಪಾದಕ ರಾಯ್ ಥಾಮಸ್. ಅಂದರೆ 180ರ ಆ ಒಂದು ಚಿತ್ರ ಅಚ್ಚಾಗುವ ಹೊತ್ತಿಗೆ ಹೆಸರು, ವೇಷ, ಉಗುರು ಎಲ್ಲ ಸಿದ್ಧವಾಗಿತ್ತು. ಅವನು ಆ ಪುಟದಲ್ಲಿ ಪೂರ್ತಿಯಾಗೇ ಇದ್ದಾನೆ. ನೆರಳಲ್ಲ, ಕೈ ಮಾತ್ರ ಅಲ್ಲ, ಬೆನ್ನು ತೋರಿಸಿ ನಿಂತಿಲ್ಲ.

ಹಾಗಿದ್ದೂ ಅದನ್ನು 'ಕ್ಯಾಮಿಯೊ', ಅಂದರೆ ಸುಮ್ನೆ ತಲೆ ತೋರಿಸಿದ್ದು, ಅಂತ ಪಕ್ಕಕ್ಕೆ ಸರಿಸಿ, 181ಕ್ಕೆ ಅದರ ಹಲವು ಪಟ್ಟು ಬೆಲೆ ಕೊಡ್ತಾರೆ. ಇದು ಓದಿದವರು ಮಾಡಿದ ತೀರ್ಮಾನ ಅಲ್ಲ, ಮಾರುವವರು ಮಾಡಿದ್ದು.

ಇನ್ನೊಂದು ವಿಷಯ. 180ರ ಆ ಕೊನೆಯ ಪುಟದ ಮೂಲ ಚಿತ್ರ, ಟ್ರಿಂಪೆ ಕೈಯಾರೆ ಬರೆದ ಹಾಳೆ, 2014ರ ಮೇ ತಿಂಗಳಲ್ಲಿ ಹೆರಿಟೇಜ್ ಹರಾಜಿಗೆ ಬಂತು. 6,57,250 ಡಾಲರ್‌ಗೆ ಹೋಯಿತು. ಅದೇ ಪುಟ ಅಚ್ಚಾದ ಪುಸ್ತಕಕ್ಕೆ 'ಬರೀ ಕ್ಯಾಮಿಯೊ' ಅಂತ ಮೂಗು ಮುರಿಯುವ ಜನವೇ, ಹಾಳೆ ಮುಂದೆ ಬಂದಾಗ 'ವುಲ್ವರಿನ್ ಮೊದಲ ಸಲ ಕಂಡ ಪುಟ' ಅಂತ ಸಾಲುಗಟ್ಟಿದರು!

ಸ್ಟೇಪಲ್‌ಪಿನ್

ಮೂಲ ಚಿತ್ರ ಜಗತ್ತಿನಲ್ಲಿ ಒಂದೇ ಒಂದು ಸಾರ್. ಅಚ್ಚಾದ ಪುಸ್ತಕ ರಾಶಿಗಟ್ಟಲೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ಮಾರುವವರು ಮಾಡಿದ ತೀರ್ಮಾನ ಅಂದ್ರಿ, ಅದನ್ನೂ ಪೂರ್ತಿ ಒಪ್ಪಲ್ಲ. ಓದುವವನಿಗೆ ಬೇಕಾಗಿರೋದು ಪಾತ್ರ ಏನು ಮಾಡುತ್ತೆ ಅನ್ನೋದು. ಒಂದು ಚಿತ್ರದಲ್ಲಿ ಪೋಸ್ ಕೊಟ್ಟು ನಿಂತರೆ ಅದು ಜಾಹೀರಾತು. ಹೊಡೆದಾಟ ಶುರುವಾಗೋದು 181ರಲ್ಲಿ.

ಕಪ್ಪುಶಾಯಿ

ಕ್ಯಾಮಿಯೊಗಿಂತ ಪೂರ್ತಿ ಕಥೆಗೇ ಬೆಲೆ ಅನ್ನೋ ಈ ನಿಯಮ ಎಲ್ಲ ಕಡೆ ಒಂದೇ ಥರ ಇದ್ದಿದ್ದರೆ ನಾನೂ ಸುಮ್ನಿರ್ತಿದ್ದೆ. ಸ್ಪೈಡರ್-ಮ್ಯಾನ್‌ನ ಖಳ ವೆನಮ್ ತಗೊಳ್ಳಿ.

ಸ್ಪೈಡರ್-ಮ್ಯಾನ್‌ನ ಕಪ್ಪು ವೇಷ ಅಮೇಜಿಂಗ್ ಸ್ಪೈಡರ್-ಮ್ಯಾನ್ 252ರಲ್ಲಿ, ಮೇ 1984. ಅದು ಎಲ್ಲಿಂದ ಬಂತು ಅನ್ನೋದು ತಿಳಿಯೋದು ಅದೇ ವರ್ಷ ಡಿಸೆಂಬರ್‌ನ ಸೀಕ್ರೆಟ್ ವಾರ್ಸ್ 8ರಲ್ಲಿ. ಆಮೇಲೆ 1986ರ ವೆಬ್ ಆಫ್ ಸ್ಪೈಡರ್-ಮ್ಯಾನ್ 18ರಲ್ಲಿ ಯಾರದೋ ಕೈ ಪೀಟರ್‌ನನ್ನು, ಅಂದರೆ ಸ್ಪೈಡರ್-ಮ್ಯಾನ್‌ನನ್ನೇ, ರೈಲು ಹಳಿ ಮೇಲೆ ತಳ್ಳುತ್ತೆ. ಬರೀ ಕೈ! ಅದು ಮುಂದೆ ಆ ಕಪ್ಪು ವೇಷ ತೊಟ್ಟು ವೆನಮ್ ಆಗೋ ಎಡ್ಡಿ ಬ್ರಾಕ್ ಕೈ ಅಂತ ಆಮೇಲೆ ಗೊತ್ತಾಗುತ್ತೆ. 1988ರಲ್ಲಿ ಅಮೇಜಿಂಗ್ ಸ್ಪೈಡರ್-ಮ್ಯಾನ್ 298ರ ಕೊನೆಗೆ ಬ್ರಾಕ್‌ನ ಸುಳಿವು, 299ರ ಕೊನೆಯ ಪುಟದಲ್ಲಿ ವೆನಮ್, 300ರಲ್ಲಿ ಪೂರ್ತಿ ಕಥೆ ಮತ್ತು ಹಿನ್ನೆಲೆ.

ಇಲ್ಲಿ 299 ಮತ್ತು 300ರ ಸಂಬಂಧ ಥೇಟ್ 180 ಮತ್ತು 181ರ ಹಾಗೇ. ಕೊನೆಯ ಪುಟದಲ್ಲಿ ಬಂದು ಹೆದರಿಸಿ ಹೋಗೋದು, ಮುಂದಿನದರಲ್ಲಿ ಹೊಡೆದಾಟ. ಬೆಲೆಯೂ ಹಾಗೇ, 300 ಮುಂದೆ, 299 ಹಿಂದೆ. ಇಲ್ಲಿವರೆಗೆ ನಿಯಮ ಸರಿ.

ಈಗ ಎಕ್ಸ್-ಮೆನ್ ಗುಂಪಿನ ಗ್ಯಾಂಬಿಟ್. ಅನ್‌ಕ್ಯಾನಿ ಎಕ್ಸ್-ಮೆನ್ 266, ಆಗಸ್ಟ್ 1990, ಮೊದಲ ಸಂಚಿಕೆ ಅಂತ ಎಲ್ಲರೂ ಹೇಳ್ತಾರೆ. ಆದರೆ ಅದೇ ವರ್ಷದ ಆ್ಯನ್ಯುವಲ್ 14 ಅಂಗಡಿಗೆ ಮೊದಲು ಬಂತು. ಅದರಲ್ಲಿ ಗ್ಯಾಂಬಿಟ್ ಒಂದು ಚಿತ್ರಕ್ಕಲ್ಲ, ಪುಟಗಳಲ್ಲಿ ಇದ್ದಾನೆ, ಮಾತಾಡ್ತಾನೆ. ಕಥೆಯ ಲೆಕ್ಕದಲ್ಲಿ ಅದು 266ರ ನಂತರ ನಡೆಯೋದು, ಪುಸ್ತಕ ಮಾತ್ರ ಮೊದಲೇ ಹೊರಬಂತು. ಹಾಗಾದರೆ ಮೊದಲನೆಯದು ಯಾವುದು? ದುಡ್ಡು ಹೋಗೋದು 266ಕ್ಕೆ. ಯಾಕೆಂದರೆ ಅವನು ಸ್ಟಾರ್ಮ್‌ನ ಭೇಟಿಯಾಗೋ ಕಥೆ ಅದು, ರಕ್ಷಾಪುಟದ ಮೇಲೂ ಅವನಿದ್ದಾನೆ.

ನನ್ನ ಮಟ್ಟಿಗೆ ರಕ್ಷಾಪುಟವೇ ಅರ್ಧ ತೀರ್ಮಾನ ಮಾಡಿಬಿಡುತ್ತೆ. ಸ್ಲ್ಯಾಬ್ ಆದ ಪುಸ್ತಕವನ್ನು ಯಾರೂ ತೆರೆದು ಓದಲ್ಲ. ಕಾಣೋದು ರಕ್ಷಾಪುಟ ಒಂದೇ. ಅದರ ಮೇಲೆ ಪಾತ್ರ ಇದ್ದರೆ ಬೆಲೆ.

ಸುಮ್ನೆನೋಡ್ತೀನಿ

ಹೊಸಬನ ಪ್ರಶ್ನೆ, ಬೈಬೇಡಿ. ಡೇರ್‌ಡೆವಿಲ್ 115ರಲ್ಲಿ ಹಲ್ಕ್ 181ರ ಜಾಹೀರಾತು ಇದೆ, ಅದರಲ್ಲೂ ವುಲ್ವರಿನ್ ಇದ್ದಾನೆ ಅಂತ ಎಲ್ಲೋ ಓದಿದೆ. ಅದನ್ನೂ 'ಆರಂಭದ' ಪುಸ್ತಕ ಅಂತ ಹೆಚ್ಚಿನ ಬೆಲೆಗೆ ಮಾರ್ತಾರಲ್ಲ, ತಗೋಬಹುದಾ?

ಹಳೇಪುಟ

ಬೈಯೋದು ಯಾಕೆ, ಒಳ್ಳೆಯ ಪ್ರಶ್ನೆ. ಡೇರ್‌ಡೆವಿಲ್ 115 ಕೂಡ ನವೆಂಬರ್ 1974ರದ್ದೇ, 181ರ ತಿಂಗಳಿನದ್ದು. ಜಾಹೀರಾತು ಇರೋದು ನಿಜ. ಆದರೆ ಜಾಹೀರಾತು ಕಥೆಯಲ್ಲ. ಡೇರ್‌ಡೆವಿಲ್ ಇಷ್ಟ ಇದ್ದರೆ ಡೇರ್‌ಡೆವಿಲ್ ಬೆಲೆಗೆ ತಗೊಳ್ಳಿ. ವುಲ್ವರಿನ್ ಬೆಲೆ ಕೊಡಬೇಡಿ.

1973ರ ಫೂಮ್ ಅನ್ನೋ ಮಾರ್ವೆಲ್ ಅಭಿಮಾನಿ ಪತ್ರಿಕೆಯ 2ನೇ ಸಂಚಿಕೆಯನ್ನೂ ಹೀಗೇ ತಲೆಗೆ ಕಟ್ಟೋಕೆ ನೋಡ್ತಾರೆ. ಅದರಲ್ಲಿ ಓದುಗನೊಬ್ಬ ಸ್ಪರ್ಧೆಗೆ ಕಳಿಸಿದ 'ವುಲ್ವರಿನ್' ಅನ್ನೋ ಪಾತ್ರ ಇದೆ. ಹೆಸರು ಒಂದೇ, ಆಸಾಮಿ ಬೇರೆ.

ದಪ್ಪರಟ್ಟು

ಎಲ್ಲರೂ ಹಲ್ಕ್ ಹಿಂದೆ ಬಿದ್ದಿದ್ದೀರಿ. ಜೈಂಟ್ ಸೈಜ್ ಎಕ್ಸ್-ಮೆನ್ 1ರ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ. ನನ್ನ ಓಟು ಅದಕ್ಕೇ.

ನೆನಪಿಡಿ, 1970ರಲ್ಲಿ ಎಕ್ಸ್-ಮೆನ್ 66 ಆದಮೇಲೆ ಆ ಪತ್ರಿಕೆಯಲ್ಲಿ ಹೊಸ ಕಥೆಯೇ ಇರಲಿಲ್ಲ. 67ರಿಂದ 93ರವರೆಗೆ ಹಳೆಯ ಕಥೆಗಳನ್ನೇ ಮತ್ತೆ ಅಚ್ಚು ಹಾಕುತ್ತಿದ್ದರು. 1975ರಲ್ಲಿ ಈ 50 ಸೆಂಟಿನ ದಪ್ಪ ಪುಸ್ತಕ ಬಂತು. ಸ್ಟಾರ್ಮ್, ನೈಟ್‌ಕ್ರಾಲರ್, ಕೊಲೋಸಸ್, ಥಂಡರ್‌ಬರ್ಡ್ ನಾಲ್ವರೂ ಮೊದಲ ಸಲ ಇದರಲ್ಲೇ. ವುಲ್ವರಿನ್ ಹಲ್ಕ್‌ನಿಂದ ಇಲ್ಲಿಗೆ ಬಂದ. ಇಲ್ಲಿಗೆ ಬರದೇ ಹೋಗಿದ್ದರೆ ಅವನು ಹಲ್ಕ್ ಜೊತೆ ಒಂದು ಸಲ ಹೊಡೆದಾಡಿ ಮರೆಯಾದ ಪಾತ್ರ ಅಷ್ಟೇ. 181ರ ಇವತ್ತಿನ ಬೆಲೆ ಹುಟ್ಟಿದ್ದೇ ಈ ಪುಸ್ತಕದಿಂದ ಅಂತ ನಾನು ಧೈರ್ಯವಾಗಿ ಹೇಳ್ತೀನಿ.

ಮುಖವಾಡ ನೋಡಿದ್ದೀರಾ? 181ರಲ್ಲಿ ಮುಖವಾಡದ ಕಿವಿ ಚಿಕ್ಕದು, ಮೂಗಿನ ಹತ್ತಿರ ಬೆಕ್ಕಿನ ಮೀಸೆಯಂಥ ಗೆರೆಗಳು. ಜೈಂಟ್ ಸೈಜ್‌ನ ರಕ್ಷಾಪುಟ ಬರೆಯುವಾಗ ಗಿಲ್ ಕೇನ್ ಅದನ್ನು ತಪ್ಪಾಗಿ ಬರೆದರು. ಎರಡೂ ಬದಿಗೆ ದೊಡ್ಡದಾಗಿ ಚಾಚಿಕೊಂಡ ಕಪ್ಪು ಕೊಂಬಿನಂಥ ಆಕಾರ. ಒಳಪುಟಗಳ ಚಿತ್ರಕಾರ ಡೇವ್ ಕಾಕ್ರಮ್‌ಗೆ ಅದೇ ಹಿಡಿಸಿತು, ಒಳಗೂ ಹಾಗೇ ತಿದ್ದಿಬಿಟ್ಟರು. ಇವತ್ತು ವುಲ್ವರಿನ್ ಅಂದ ತಕ್ಷಣ ಕಣ್ಣಿಗೆ ಬರೋ ಮುಖ ಅದೇ. 181ರ ಮೀಸೆ ಬೆಕ್ಕನ್ನು ಯಾರಾದರೂ ಅಂಗಿಯ ಮೇಲೆ ಹಾಕ್ತಾರಾ?

ಒಂದು ಎಚ್ಚರಿಕೆ. ಇದು ಸ್ಟೇಪಲ್ ಮಡಿಕೆಯ ಪುಸ್ತಕ ಅಲ್ಲ, ಚೌಕಾಕಾರದ ಬೆನ್ನಿಗೆ ಗೋಂದು ಹಚ್ಚಿದ್ದು. ಗೋಂದು ಹಳೆಯದಾಗಿ ಬಿರುಕು ಬಿಡುತ್ತೆ, ಬೆನ್ನಿನ ಎರಡೂ ಅಂಚಿನಲ್ಲಿ ಬಣ್ಣ ಕೀಳುತ್ತೆ. ಫೋಟೋದಲ್ಲಿ ಮುಂದಿನ ಮುಖ ಚೆನ್ನಾಗಿ ಕಾಣುತ್ತೆ, ಬೆನ್ನು ಹೋಗಿರುತ್ತೆ. ಬೆನ್ನಿನ ಫೋಟೋ ಕೇಳಿ ತರಿಸಿಕೊಳ್ಳಿ.

ಸ್ಟೇಪಲ್‌ಪಿನ್

ದಪ್ಪರಟ್ಟು ಅವರ ಮಾತಿಗೆ ಒಂದು ಸೇರಿಸ್ತೀನಿ, ಅವರ ಕಡೆಗೇ ಅನುಕೂಲ ಆಗುತ್ತೆ, ಇರಲಿ. 181ರಲ್ಲಿ ಉಗುರು ಕೈಗವಸಿನ ಭಾಗ ಅಂತಲೇ ವೀನ್ ಯೋಚಿಸಿದ್ದು. ಅವು ಮೈಯೊಳಗಿಂದಲೇ ಬರ್ತವೆ ಅಂತ ತೋರಿಸಿದ್ದು ಎಕ್ಸ್-ಮೆನ್ 98, ಏಪ್ರಿಲ್ 1976. ಮುಖವಾಡ ಇಲ್ಲದ ಮುಖವೂ ಅದರಲ್ಲೇ ಮೊದಲು. ಲೋಗನ್ ಅನ್ನೋ ಹೆಸರು 103ರಲ್ಲಿ, 1977. ಅಂದರೆ ನಾವು ವುಲ್ವರಿನ್ ಅಂತ ಅಂದುಕೊಂಡಿರೋದು ಮೂರು ವರ್ಷದಲ್ಲಿ ಕಂತು ಕಂತಾಗಿ ಬಂದಿದ್ದು. 98 ಮತ್ತು 103 ಇನ್ನೂ ಕೈಗೆಟುಕೋ ಪುಸ್ತಕಗಳು. ಮೂರುಗುರು, ನಿಮ್ಮ ಪಟ್ಟಿಗೆ ಬರೆದುಕೊಳ್ಳಿ.

ಆದರೂ ನನ್ನ ಓಟು 181ಕ್ಕೇ.

ಕಪ್ಪುಶಾಯಿ

ಮೂರುಗುರು, ಒಂದು ಕೇಳೋದು ಮರೆತೆ. ಆ 3.5ರ 181ರಲ್ಲಿ ಸ್ಟಾಂಪ್ ಇದೆಯಾ?

ಮೂರುಗುರು

ಯಾವ ಸ್ಟಾಂಪ್?

ಸ್ಟೇಪಲ್‌ಪಿನ್

ಅಯ್ಯೋ ದೇವರೇ. ದುಡ್ಡು ಕಳಿಸಬೇಡಿ, ಮೊದಲು ಇದನ್ನು ಓದಿ.

1974ರಲ್ಲಿ ಮಾರ್ವೆಲ್‌ನವರು ತಮ್ಮ ಕಾಮಿಕ್ಸ್ ಒಳಗೆ ಮಾರ್ವೆಲ್ ವ್ಯಾಲ್ಯೂ ಸ್ಟಾಂಪ್ ಅಂತ ಅಚ್ಚು ಹಾಕೋಕೆ ಶುರು ಮಾಡಿದರು. ಅಂಚೆಚೀಟಿ ಆಕಾರದ ಪಾತ್ರದ ಚಿತ್ರ, ಮೊದಲ ಸರಣಿಯಲ್ಲಿ ಒಟ್ಟು 100. ಮಕ್ಕಳು ಕತ್ತರಿ ಹಿಡಿದು ಕತ್ತರಿಸಿ, ಅದಕ್ಕೆಂದೇ ಮಾಡಿದ ಪುಸ್ತಕದಲ್ಲಿ ಅಂಟಿಸಬೇಕು. ಕತ್ತರಿಸಿದರು ಕೂಡ! ಯಾರಿಗೆ ಗೊತ್ತಿತ್ತು?

181ರಲ್ಲಿ ಇರೋದು 54ನೇ ಸ್ಟಾಂಪ್, ಶಾನಾ ದಿ ಶಿ-ಡೆವಿಲ್. ಓದುಗರ ಪತ್ರಗಳ ಪುಟದಲ್ಲಿ. ಹೊರಗಿಂದ ನೋಡಿದರೆ ಏನೂ ಗೊತ್ತಾಗಲ್ಲ. ರಕ್ಷಾಪುಟ ಫಳಫಳ ಅಂತಿರುತ್ತೆ, ಒಳಗೆ ಆ ಪುಟದಲ್ಲಿ ಚೌಕಾಕಾರದ ತೂತು. ಸ್ಟಾಂಪ್ ಹೋಗಿದ್ದರೆ ಗ್ರೇಡ್ ಹಾಕೋ ಕಂಪನಿ ಸಿಜಿಸಿಯಲ್ಲಿ ಮಾಮೂಲಿ ನೀಲಿ ಲೇಬಲ್ ಬದಲು ಹಸಿರು ಲೇಬಲ್ ಬರಬಹುದು, ಅಂದರೆ 'ಇದೊಂದು ಕೊರತೆ ಬಿಟ್ಟರೆ ಇಷ್ಟು ಗ್ರೇಡ್' ಅಂತ. ಇಲ್ಲದಿದ್ದರೆ ನೀಲಿ ಲೇಬಲ್‌ನಲ್ಲೇ ಗ್ರೇಡ್ ಪಾತಾಳಕ್ಕೆ. ಎರಡರಲ್ಲೂ ಬೆಲೆ ಬೀಳುತ್ತೆ, ಸಿಕ್ಕಾಪಟ್ಟೆ ಬೀಳುತ್ತೆ.

ಇನ್ನೊಂದು ಆಟ ಇದೆ. ಸ್ಟಾಂಪ್ ಇಲ್ಲದ ಪ್ರತಿಗೆ ಬೇರೆ ಹರಿದ ಪ್ರತಿಯಿಂದ ಪೂರ್ತಿ ಹಾಳೆ ತೆಗೆದು ಸೇರಿಸೋದು. ಒಂದು ಹಾಳೆ ಅಂದರೆ ಮಧ್ಯದ ಮಡಿಕೆ ದಾಟಿ ಆ ಕಡೆಯೂ ಎರಡು ಪುಟ ಇರುತ್ತೆ. ಹಾಗಾಗಿ ಹೀಗೆ ನೋಡಬೇಕು: ಪುಸ್ತಕವನ್ನು ಬದಿಯಿಂದ ಹಿಡಿದರೆ ಹಾಳೆಗಳ ಅಂಚು ಒಂದೇ ಬಣ್ಣಕ್ಕೆ ಹಳದಿಯಾಗಿರಬೇಕು. ಒಂದು ಹಾಳೆ ಮಾತ್ರ ಹೆಚ್ಚು ಬಿಳಿ ಅಥವಾ ಹೆಚ್ಚು ಕಂದು ಇದ್ದರೆ ಅನುಮಾನ ಪಡಿ. ಸ್ಟೇಪಲ್ ಹತ್ತಿರ ತೂತುಗಳು ನೋಡಿ. ಸ್ಟೇಪಲ್ ಒಂದು ಕಡೆ, ಹಳೆಯ ತೂತು ಒಂದು ಕಡೆ ಇದ್ದರೆ ಯಾರೋ ಬಿಚ್ಚಿ ಮತ್ತೆ ಹಾಕಿದ್ದಾರೆ ಅಂತ ಅರ್ಥ. ಸ್ಟೇಪಲ್ ತುಕ್ಕು ಹಿಡಿದಿದ್ದು ಪಕ್ಕದ ಕಾಗದದಲ್ಲಿ ತುಕ್ಕಿನ ಕಲೆ ಇಲ್ಲ ಅಂದರೂ ಅದೇ ಕಥೆ.

ಬಣ್ಣ ಹಚ್ಚಿದ್ದನ್ನೂ ನೋಡಿ. 181ರ ಬೆನ್ನಿನ ಬಿಳಿ ಗೀರುಗಳನ್ನು ಪೆನ್ನಿನಿಂದ ಮುಚ್ಚೋದು ಮಾಮೂಲು. ರಕ್ಷಾಪುಟ ತಿರುಗಿಸಿ ಒಳಮೈ ನೋಡಿದರೆ ಶಾಯಿ ಇಂಗಿರೋದು ಕಾಣುತ್ತೆ. ಸಿಜಿಸಿ ಹಿಡಿದರೆ ನೇರಳೆ ಲೇಬಲ್, ಅಂದರೆ ರಿಪೇರಿ ಮಾಡಿದ ಪ್ರತಿ ಅಂತ.

ಸುಮ್ನೆನೋಡ್ತೀನಿ

ಅಷ್ಟೆಲ್ಲ ತಲೆನೋವು ಯಾಕೆ, ಸ್ಲ್ಯಾಬ್ ಆಗಿರೋದೇ ತಗೊಂಡರೆ ಆಗಲ್ವಾ?

ಕಪ್ಪುಶಾಯಿ

ಬಹುಮಟ್ಟಿಗೆ ಆಗುತ್ತೆ, ಪೂರ್ತಿ ಕಣ್ಣು ಮುಚ್ಚಬೇಡಿ. 2023ರ ಕೊನೆಯಲ್ಲಿ ಸ್ಲ್ಯಾಬ್ ಬಿಚ್ಚಿ ಒಳಗಿನ ಪುಸ್ತಕ ಬದಲಾಯಿಸಿದ ಹಗರಣ ಬಯಲಾಯಿತಲ್ಲ. ಲೇಬಲ್ ಮೇಲಿನ ಸಂಖ್ಯೆಯನ್ನು ಸಿಜಿಸಿ ಜಾಲತಾಣದಲ್ಲಿ ಹಾಕಿ. ಫೋಟೋ ಇದ್ದರೆ ರಕ್ಷಾಪುಟದ ಮಡಿಕೆ, ಕಲೆ ಎಲ್ಲ ನಿಮ್ಮ ಕೈಲಿರೋದರ ಜೊತೆ ತಾಳೆ ನೋಡಿ. ಡಬ್ಬಿಯ ಅಂಚಿನಲ್ಲಿ ಬಿರುಕು, ಮೊಬ್ಬು ಇದೆಯಾ ನೋಡಿ.

ಸ್ಲ್ಯಾಬ್ ಆದ ಕಡಿಮೆ ಗ್ರೇಡ್ 181ಕ್ಕೆ ರಾ ಪ್ರತಿಗಿಂತ ಜಾಸ್ತಿ ಕೊಡಬೇಕಾಗುತ್ತೆ. ಆ ಹೆಚ್ಚಿನ ದುಡ್ಡು ನನ್ನ ಪ್ರಕಾರ ದಂಡ ಅಲ್ಲ. ಸ್ಟಾಂಪ್ ಇದೆ, ಪುಟ ಎಲ್ಲ ಇದೆ, ಬಣ್ಣ ಹಚ್ಚಿಲ್ಲ ಅಂತ ಬೇರೆಯವರು ಎಣಿಸಿ ಹೇಳಿದ್ದಕ್ಕೆ ಕೊಡೋ ಕೂಲಿ. 180, 182ಕ್ಕೆ ಅದು ಬೇಡ, ರಾ ತಗೊಳ್ಳಿ. ಆದರೆ 180ರಲ್ಲೂ ಸ್ಟಾಂಪ್ ಇದೆ, ಸೈಕ್ಲಾಪ್ಸ್, 67. ಅದನ್ನೂ ನೋಡಿ.

ದಪ್ಪರಟ್ಟು

ಮರುಮುದ್ರಣದ ಬಗ್ಗೆಯೂ ಒಂದು ಮಾತು, ಹೊಸಬರಿಗೆ. 181ಕ್ಕೆ ಫ್ಯಾಕ್ಸಿಮಿಲಿ ಪ್ರತಿಗಳು ಬಂದಿವೆ, 1986ರಲ್ಲಿ 180 ಮತ್ತು 181 ಎರಡನ್ನೂ ಸೇರಿಸಿ ಒಂದು ಪುಸ್ತಕ ಮಾಡಿದ್ದರು, ಜೈಂಟ್ ಸೈಜ್‌ಗೂ 1991ರಲ್ಲಿ ಮರುಮುದ್ರಣ ಆಯ್ತು. ಓದೋಕೆ ಅವೇ ಸಾಕು, ಖುಷಿಯಾಗಿ ಓದಿ. ಆದರೆ 1974ರ ಮಾರ್ವೆಲ್ ಪುಸ್ತಕದ ರಕ್ಷಾಪುಟದಲ್ಲಿ ಬಾರ್‌ಕೋಡ್ ಇರಲ್ಲ. ಬಾರ್‌ಕೋಡ್ ಶುರುವಾಗಿದ್ದೇ 1976ರಲ್ಲಿ. '1974ರ ಮೂಲ' ಅಂತ ಹೇಳಿ ಬಾರ್‌ಕೋಡ್ ತೋರಿಸಿದರೆ ಅಲ್ಲಿಂದಲೇ ವಾಪಸ್ ಬನ್ನಿ.

ಹಳೇಪುಟ

'ಮೊದಲನೆಯದೇ ರಾಜ' ಅನ್ನೋ ಮಾತಿಗೆ ಇನ್ನೊಂದು ಉತ್ತರ ಇದೆ. ಸೂಪರ್‌ಮ್ಯಾನ್ ಮೊದಲು ಕಂಡಿದ್ದು ಆ್ಯಕ್ಷನ್ ಕಾಮಿಕ್ಸ್ 1ರಲ್ಲಿ, ಜೂನ್ 1938. ಅದರ 8.5 ಗ್ರೇಡ್ ಪ್ರತಿ 2024ರ ಏಪ್ರಿಲ್‌ನಲ್ಲಿ 60 ಲಕ್ಷ ಡಾಲರ್‌ಗೆ ಹೋಯಿತು, ಆಗಿನ ದಾಖಲೆ. 2025ರ ನವೆಂಬರ್‌ನಲ್ಲಿ ಅದನ್ನು ಮುರಿದದ್ದು ಸೂಪರ್‌ಮ್ಯಾನ್ 1, 1939ರ ಪುಸ್ತಕ, 91.2 ಲಕ್ಷ ಡಾಲರ್. ಅದು ಸೂಪರ್‌ಮ್ಯಾನ್ ಮೊದಲು ಕಂಡ ಪುಸ್ತಕ ಅಲ್ಲವೇ ಅಲ್ಲ. ಮೊದಲ ಕಥೆಯನ್ನು ಮತ್ತೆ ಹಾಕಿದ ಪುಸ್ತಕ. ಆದರೆ 9.0 ಗ್ರೇಡ್, ಮನೆಯ ಅಟ್ಟದಲ್ಲಿ ಹಾಗೇ ಉಳಿದಿದ್ದ ಪ್ರತಿ. ಸ್ಥಿತಿಯ ಮುಂದೆ 'ಮೊದಲು' ಅನ್ನೋದು ಅವತ್ತು ಸೋತಿತು.

ಹಾಗಂತ ಮೂರುಗುರು ಅವರ 3.5ಕ್ಕೂ ಅದೇ ಲೆಕ್ಕ ಹಾಕಿ ಅಂತ ಹೇಳ್ತಿಲ್ಲ. ಮೇಲಿನ ಗ್ರೇಡಿನ ಆಟ ಬೇರೆ, ಕೆಳಗಿನ ಗ್ರೇಡಿನದು ಬೇರೆ. ಕೆಳಗಿನ ಗ್ರೇಡಿನಲ್ಲಿ ನೋಡಬೇಕಾಗಿದ್ದು ಒಂದೇ, ಪುಸ್ತಕ ಪೂರ್ತಿ ಇದೆಯಾ ಇಲ್ವಾ. ಮಡಿಕೆ ಇರಲಿ, ಮೂಲೆ ಹೋಗಿರಲಿ, ಯಾರೋ ಮೇಲೆ ಹೆಸರು ಬರೆದಿರಲಿ. ಒಂದು ಚೂರೂ ಕತ್ತರಿಸಿರಬಾರದು.

ಮೂರುಗುರು

ಮಾರುವವರಿಂದ ಫೋಟೋ ಬಂತು. ಸ್ಟಾಂಪ್ ಇದೆ, ಶಾನಾ ಹಾಗೇ ಕೂತಿದ್ದಾಳೆ. ಅಂಚುಗಳೆಲ್ಲ ಒಂದೇ ಬಣ್ಣ. ಆದರೆ ಮಧ್ಯದ ಹಾಳೆ ಕೆಳಗಿನ ಸ್ಟೇಪಲ್‌ನಿಂದ ಕಿತ್ತು ಬಂದಿದೆ, ಮೇಲಿನದ್ದು ಹಿಡಿದಿದೆ. ಇದನ್ನು ಅವರು ಮೊದಲು ಹೇಳಿರಲಿಲ್ಲ.

ಸ್ಟೇಪಲ್‌ಪಿನ್

ಹಾಗಾದರೆ ಅದು 3.5 ಅಲ್ಲ. ಮಡಿಕೆ, ದುಂಡು ಮೂಲೆ, ಮೇಲೆ ಇದೂ ಸೇರಿದರೆ 2.5 ಅಂದುಕೊಂಡು ಬೆಲೆ ಮಾತಾಡಿ. ಅಂಟು ಹಾಕ್ತೀನಿ, ಟೇಪ್ ಹಾಕ್ತೀನಿ ಅಂದರೆ ಬೇಡ ಅನ್ನಿ, ಮುಟ್ಟದೇ ಕಳಿಸಲಿ. 2.5ರ ಬೆಲೆಗೆ ಒಪ್ಪಿದರೆ ಕಣ್ಣು ಮುಚ್ಚಿ ತಗೊಳ್ಳಿ.

ದಪ್ಪರಟ್ಟು

ಒಪ್ಪದಿದ್ದರೆ ಜೈಂಟ್ ಸೈಜ್.

ಹಳೇಪುಟ

ಒಪ್ಪಿದರೆ ಉಳಿಯೋ ದುಡ್ಡಿಗೆ ಒಂದು 180 ಬರುತ್ತೆ. ತಗೊಂಡರೆ ಸ್ಲ್ಯಾಬ್ ಮಾಡಿಸಬೇಡಿ ಮಾರಾಯ್ರೇ, ಆ ಪುಸ್ತಕದಲ್ಲಿ ನೋಡೋಕೆ ಇರೋದೇ ಕೊನೆಯ ಪುಟ.

ಮೂರುಗುರು

2.5ರ ಬೆಲೆ ಹೇಳಿದ್ದೇನೆ. ನಾಳೆವರೆಗೆ ಯೋಚಿಸ್ತೀನಿ ಅಂದಿದ್ದಾರೆ. 180ರ ಎರಡು ಪ್ರತಿಗಳನ್ನೂ ನೋಡಿಟ್ಟಿದ್ದೇನೆ, ಎರಡಕ್ಕೂ ಪತ್ರಗಳ ಪುಟದ ಫೋಟೋ ಕೇಳಿದ್ದೇನೆ.